ತೆನೆಹಬ್ಬದ ಊಟ: ಎಲೆ ಯಾರಿಗೆ ಹಾಕೋಣ?



ಸೆಪ್ಟೆಂಬರ್ 8ರಂದು ನಾವು ಮಾತೆ ಮರಿಯಮ್ಮನವರ ಜನನದ ಹಬ್ಬವನ್ನು ಆಚರಿಸುತ್ತೇವೆ. ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಇದು ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಲ್ಲಿ 1763ರಲ್ಲಿ ವಂದನೀಯ ಜೊವಾಕಿಂ ಮಿರಾಂದಾ ಅವರು ಇದನ್ನು ಆರಂಭಿಸಿದರೆಂಬ ಪ್ರತೀತಿಯಿದೆ.

ಹಬ್ಬಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಮಾತೆಗೆ ಹೂವು ಅರ್ಪಿಸುತ್ತಾರೆ. ಹಬ್ಬದ ಬೆಳಿಗ್ಗೆ ಆಶೀರ್ವದಿಸಿದ ತೆನೆಗಳನ್ನು ಕುಟುಂಬಗಳಿಗೆ ಹಂಚಲಾಗುತ್ತದೆ. ಬಲಿಪೂಜೆ ಮುಗಿಸಿ ಮನೆಗೆ ಬಂದವರು ಪ್ರಾರ್ಥನೆ ಮಾಡಿ, ತೆನೆಯ ಕಾಳುಗಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಮನೆಯ ಹಿರಿಯರು ಅದನ್ನು ಎಲ್ಲರಿಗೂ ಕೊಟ್ಟ ಮೇಲೆ ಬಾಳೆ ಎಲೆಯ ಊಟ. ಅಂದು ಮಾಂಸ ಮೀನು ಇಲ್ಲ. ಪಲ್ಯಗಳು ಐದು, ಏಳು, ಒಂಬತ್ತು ಎಂದು ಬೆಸಸಂಖ್ಯೆಯಲ್ಲಿರುವುದು ವಾಡಿಕೆ. ಮುಂಬಯಿಯಲ್ಲೋ ಕೊಲ್ಲಿಯಲ್ಲೋ ಇರುವ ಮಕ್ಕಳಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಕಳುಹಿಸುವುದೂ ಉಂಟು. ದೂರವಿದ್ದವರೂ ಅದೇ ತೆನೆಯ ಪಾಲುದಾರರು ಎಂಬುದು ಇದರ ಅರ್ಥ.

ನೀಲಗುಂದ, ಕೊಟ್ಟೂರು, ಹಡಗಲಿಯ ಕಡೆ ಭತ್ತಕ್ಕಿಂತ ಜೋಳ, ಮೆಕ್ಕೆಜೋಳವೇ ಹೆಚ್ಚು. ಹಾಗೆಂದು ಹಬ್ಬ ನಮ್ಮದಲ್ಲವೆಂದು ತಿಳಿಯಬೇಕಿಲ್ಲ. ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಚರಗ ಚೆಲ್ಲಿ, ಬಂಧು ಬಳಗದೊಂದಿಗೆ ಉಣ್ಣುವ ಸೀಮೆ ನಮ್ಮದು. ಭೂಮಿ ಕೊಟ್ಟದ್ದನ್ನು ಒಬ್ಬರೇ ಉಣ್ಣಬಾರದೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಯೆಹೂದ್ಯರ ಹಬ್ಬಗಳೂ ಮನೆಯ ಊಟದ ಹಬ್ಬಗಳೇ. ಪಾಸ್ಕದ ಕುರಿಮರಿ ಒಂದು ಮನೆಗೆ ಹೆಚ್ಚಾದರೆ ನೆರೆಮನೆಯವರನ್ನು ಸೇರಿಸಿಕೊಳ್ಳಬೇಕೆಂದು ವಿಮೋಚನಾಕಾಂಡ (12:4) ಹೇಳುತ್ತದೆ. ಸುಗ್ಗಿಯ ಪರ್ಣಕುಟೀರಗಳ ಹಬ್ಬದಲ್ಲಿ ಮಕ್ಕಳ ಜೊತೆಗೆ ಆಳು, ಪರದೇಶಿ, ಅನಾಥ, ವಿಧವೆಯರೂ ಸಂತೋಷಪಡಬೇಕೆಂಬುದು ಧರ್ಮೋಪದೇಶಕಾಂಡದ (16:13-14) ಆಜ್ಞೆ.

ಸೆಪ್ಟೆಂಬರ್ 8ರ ಶುಭಸಂದೇಶವನ್ನೂ ಗಮನಿಸೋಣ. ಅದು ಮತ್ತಾಯನು ಬರೆದ ಪ್ರಭು ಯೇಸುವಿನ ವಂಶಾವಳಿ. ಅಲ್ಲಿ ರಾಜರಿದ್ದಾರೆ, ಪರಕುಲದ ರೂತಳೂ ರಾಹಾಬಳೂ ಇದ್ದಾರೆ, ತಪ್ಪು ಮಾಡಿದ ದಾವೀದನೂ ಇದ್ದಾನೆ. ದೇವರು ಯಾರ ಹೆಸರನ್ನೂ ಹೊಡೆದುಹಾಕಲಿಲ್ಲ. ಆದರೆ ನಾವು? ಆಸ್ತಿ ಪಾಲಾದಂದಿನಿಂದ ಮಾತು ಬಿಟ್ಟ ಅಣ್ಣತಮ್ಮಂದಿರು, ಬೇರೆ ಜಾತಿಯಿಂದ ಬಂದಳೆಂದು ದೂರವಿಟ್ಟ ಸೊಸೆ, ಗಂಡನನ್ನು ಕಳೆದುಕೊಂಡ ಅತ್ತಿಗೆ ನಮ್ಮ ಪಂಕ್ತಿಯಲ್ಲಿ ಇದ್ದಾರೆಯೇ? ಐದು ಬಗೆ ಪಲ್ಯ ಮಾಡಿ ಒಬ್ಬ ತಮ್ಮನನ್ನು ಹೊರಗಿಟ್ಟರೆ ಅದು ಹಬ್ಬದ ಊಟವಾದೀತೇ? ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ಸಂಧಾನ ಮಾಡಿಕೊಳ್ಳಿರೆಂದು ಪ್ರಭುವೇ ಕಲಿಸಿದ್ದಾರೆ.

ಆದ್ದರಿಂದ ಈ ಸಲ ಅಡುಗೆಯ ಪಟ್ಟಿಗಿಂತ ಮೊದಲು ಕರೆಯಬೇಕಾದವರ ಪಟ್ಟಿ ಮಾಡೋಣ. ಹಿರಿಯರು ತಾವೇ ಹೋಗಿ ಕರೆಯಲಿ; ಹಿರಿಯರು ಮುಂದಾದರೆ ಕಿರಿಯರಿಗೆ ದಾರಿ ಸುಲಭ. ಸಾಲ ಮಾಡುವುದು ಬೇಡ. ರೊಟ್ಟಿ, ಪಲ್ಯ, ಪಾಯಸ ಸಾಕು. ಅಡುಗೆಯ ಹೊರೆ ಹೆಣ್ಣುಮಕ್ಕಳ ಮೇಲಷ್ಟೇ ಬೀಳದಿರಲಿ. ಊಟದ ಹೊತ್ತಿನಲ್ಲಿ ಹಳೆಯ ಲೆಕ್ಕ ತೆಗೆಯದಿರೋಣ. ನೆರೆಮನೆಯ ಒಂಟಿ ಅಜ್ಜಿಗೂ ಒಂದು ಎಲೆ ಹಾಕೋಣ.

ಮಾತೆ ಮರಿಯಮ್ಮನವರು ಕಾನಾ ಊರಿನ ಮದುವೆಮನೆಯಲ್ಲಿ ದ್ರಾಕ್ಷಾರಸ ಮುಗಿದುದನ್ನು ಕಂಡು ಮಗನಿಗೆ ತಿಳಿಸಿದರು. ನಮ್ಮ ಮನೆಗಳಲ್ಲಿ ಕಡಿಮೆಯಾಗಿರುವ ಪ್ರೀತಿಯನ್ನೂ ಆ ತಾಯಿ ತಮ್ಮ ಪುತ್ರನಿಗೆ ತಿಳಿಸಲಿ. ಎಲ್ಲರಿಗೂ ತೆನೆಹಬ್ಬದ ಶುಭಾಶಯಗಳು.