ಗಾಳದ ರಾಡ್ ರಿಪೇರಿಗೆ ಎಷ್ಟು ತಗೊಂಡ್ರೆ ನ್ಯಾಯ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ತಿಲಕ್ ನಗರದಲ್ಲಿ ಪಂಕ್ಚರ್ ಹಾಕಿಸೋಕೆ ಎಷ್ಟಾಗುತ್ತೆ ಅಂತ ಯಾರನ್ನ ಕೇಳಿದ್ರೂ ಹೇಳ್ತಾರೆ. ಪ್ಯಾಂಟ್ ಉದ್ದ ಕಮ್ಮಿ ಮಾಡಿಸೋಕೆ, ಮೊಬೈಲ್ ಸ್ಕ್ರೀನ್ ಬದಲಾಯಿಸೋಕೆ ಕೂಡ ಒಂದು ಅಂದಾಜು ರೇಟ್ ಎಲ್ಲರ ತಲೆಯಲ್ಲೂ ಇರುತ್ತೆ. ಆದ್ರೆ ಮೀನು ಹಿಡಿಯೋ ರಾಡ್ ಮುರಿದ್ರೆ? ರೇಟೇ ಗೊತ್ತಿಲ್ಲ. ಮಾಡಿಕೊಡೋರಿಗೂ ಗೊತ್ತಿಲ್ಲ, ಮಾಡಿಸೋರಿಗೂ ಗೊತ್ತಿಲ್ಲ.

ಕೈಕೆಲಸ ಚೆನ್ನಾಗಿರೋ ಒಬ್ಬ ಹುಡುಗ ಅಥವಾ ಹುಡುಗಿ ಸ್ವಾಗತ್ ರೋಡ್ ಆಸುಪಾಸಲ್ಲಿ ಒಂದು ಸಣ್ಣ ಮೂಲೆ ಬಾಡಿಗೆಗೆ ಹಿಡಿದು ಈ ಕೆಲಸ ಶುರು ಮಾಡ್ತಾರೆ ಅಂದ್ಕೊಳ್ಳಿ. ರೇಟ್ ಹೇಗೆ ಕಟ್ಟೋದು? ಇವತ್ತು ಅದನ್ನೇ ನೋಡೋಣ. ರಾಡ್ ಒಂದು ನೆಪ ಅಷ್ಟೇ. ಡ್ರೋನ್, ಗಿಟಾರ್, ಸೈಕಲ್, ಯಾವ ರಿಪೇರಿಗಾದ್ರೂ ಇದೇ ಲೆಕ್ಕ.

ಮೊದಲು, ಮುರಿಯೋದು ಏನು?

ಕರ್ನಾಟಕಕ್ಕೂ ಗಾಳಕ್ಕೂ ಹಳೇ ನಂಟು. 1946ರಲ್ಲಿ ಕಬಿನಿ ನದಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 120 ಪೌಂಡ್, ಅಂದ್ರೆ ಸುಮಾರು 54 ಕೆಜಿಯ ಮಹಶೀರ್ ಹಿಡಿದಿದ್ರು. ನಮ್ಮವರು ಬಿಳಿಮೀನು ಅನ್ನೋದು ಇದನ್ನೇ. ಆಮೇಲೆ ಕಾವೇರಿ ತೀರದ ಭೀಮೇಶ್ವರಿ, ಗಾಳಿಬೋರೆ ಕ್ಯಾಂಪ್‌ಗಳಿಗೆ ಈ ಮೀನಿಗೋಸ್ಕರವೇ ವಿದೇಶಗಳಿಂದ ಜನ ಬರ್ತಿದ್ರು. ಈಗ ಕಾವೇರಿಯ ಈ ಡುಬ್ಬದ ಮಹಶೀರ್ ಅಳಿವಿನಂಚಿನಲ್ಲಿದೆ. ವನ್ಯಧಾಮದೊಳಗೆ ಗಾಳ ಹಾಕೋ ಹಾಗಿಲ್ಲ. ಹಾಗಾಗಿ ಇವತ್ತು ರಿಪೇರಿಗೆ ಬರೋದು ಹೆಚ್ಚಾಗಿ ಖಾಸಗಿ ಕೆರೆ, ಹಿನ್ನೀರು, ಕಡಲ ತೀರಕ್ಕೆ ವಾರಾಂತ್ಯದಲ್ಲಿ ಹೋಗೋರ ರಾಡ್‌ಗಳು.

ಮುರಿಯೋದು ಮೀನಿನಿಂದ ಕಮ್ಮಿ. ಕಾರಿನ ಬಾಗಿಲು, ಲಿಫ್ಟ್ ಬಾಗಿಲು, ಮನೆಯ ಸೀಲಿಂಗ್ ಫ್ಯಾನು, ಇವೇ ದೊಡ್ಡ ಶತ್ರುಗಳು. ಕೆಲಸ ಮೂರು ಥರ. ಒಂದು, ತುದಿಯ ಟಿಪ್ ಬದಲಾಯಿಸೋದು. ಎರಡು, ದಾರ ಹಾಯೋ ಉಂಗುರ, ಅಂದ್ರೆ ಗೈಡ್ ಹೊಸದು ಕಟ್ಟೋದು. ಮೂರು, ಕೋಲೇ ನಡುವೆ ಮುರಿದಿದ್ರೆ ಒಳಗೆ ಅಥವಾ ಹೊರಗೆ ಕೊಳವೆಯ ತುಂಡು ಕೂರಿಸಿ ಜೋಡಿಸೋದು.

ಗಂಟೆಯ ಬೆಲೆ: ಎಲ್ಲರೂ ಎಡವೋ ಜಾಗ

ಒಂದು ಉದಾಹರಣೆ. ಇದು ಮಾರ್ಕೆಟ್ ರೇಟ್ ಅಲ್ಲ, ಲೆಕ್ಕ ತೋರಿಸೋಕೆ ಹಾಕಿರೋ ಅಂಕಿ. ತಿಂಗಳಿಗೆ ಕೈಗೆ 24,000 ಬೇಕು. ಬಾಡಿಗೆ, ಕರೆಂಟು, ಉಪಕರಣದ ಸವೆತ, ಮಾಸ್ಕು ಎಲ್ಲ ಸೇರಿ 6,000. ಒಟ್ಟು 30,000 ರೂಪಾಯಿ.

ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ, ಅಂದ್ರೆ 208 ಗಂಟೆ. 30,000ವನ್ನ ಅದರಿಂದ ಭಾಗಿಸಿದ್ರೆ ಗಂಟೆಗೆ ಸುಮಾರು 144 ರೂಪಾಯಿ. ಸರಿ ಅನ್ಸುತ್ತೆ, ಆದ್ರೆ ತಪ್ಪು. ಯಾಕಂದ್ರೆ 208 ಗಂಟೆಯೂ ಯಾರೂ ದುಡ್ಡು ಕೊಡಲ್ಲ. ಗಿರಾಕಿ ಜತೆ ಮಾತು, ವಾಟ್ಸಾಪ್‌ಗೆ ಉತ್ತರ, ಸಾಮಾನು ತರೋಕೆ ಓಡಾಟ, ಸುಮ್ನೆ ಕೂತ ಹೊತ್ತು, ಇವೆಲ್ಲ ಕಳೆದ್ರೆ ನಿಜವಾಗಿ ರಾಡ್ ಮೇಲೆ ಕೈ ಇರೋದು 120 ಗಂಟೆ ಇರಬಹುದು. ಆಗ ಗಂಟೆಗೆ 250.

144ಕ್ಕೂ 250ಕ್ಕೂ ಇರೋ ಈ ವ್ಯತ್ಯಾಸದಲ್ಲೇ ಸಣ್ಣ ರಿಪೇರಿ ಅಂಗಡಿಗಳು ಮುಳುಗೋದು. ದಿನವಿಡೀ ಕೆಲಸ ಇದೆ, ಕೈಯಲ್ಲಿ ಕಾಸಿಲ್ಲ ಅಂದ್ರೆ ಮೊದಲು ಈ ಲೆಕ್ಕವನ್ನೇ ನೋಡಿ.

ಈಗ ಬಿಲ್ ಕಟ್ಟೋಣ

ಟಿಪ್ ಕೆಲಸ 20 ನಿಮಿಷ. ಹಳೇದನ್ನ ಬಿಸಿ ಮಾಡಿ ಎಳೀಬೇಕು, ಹೊಸದನ್ನ ಅಂಟಿನಲ್ಲಿ ಕೂರಿಸ್ಬೇಕು. ಕೂಲಿ 83, ಟಿಪ್‌ಗೆ ಕೊರಿಯರ್ ಖರ್ಚು ಸೇರಿ 80. ಮೇಲೆ ನೂರಕ್ಕೆ ಹತ್ತು ಸೇರಿಸಿ. ಕೆಲಸ ಕೆಟ್ಟು ವಾಪಸ್ ಬಂದ್ರೆ ಪುಕ್ಕಟೆ ಮಾಡಿಕೊಡೋಕೆ ಅದು ಬೇಕಾಗುತ್ತೆ. ಒಟ್ಟು ಸುಮಾರು 180.

ಗೈಡ್ ಕಟ್ಟೋದು ನಾಜೂಕಿನ ಕೆಲಸ. ಹಳೇ ನೂಲು ಕೆತ್ತಿ ತೆಗೆದು, ಹೊಸ ಗೈಡನ್ನ ನೇರಕ್ಕೆ ಇಟ್ಟು, ಒತ್ತೊತ್ತಾಗಿ ನೂಲು ಸುತ್ತಿ, ಎಪಾಕ್ಸಿ ಬಳೀಬೇಕು. ಎಪಾಕ್ಸಿ ಒಂದೇ ಕಡೆ ಇಳಿದು ಉಬ್ಬಬಾರದು ಅಂತ ರಾಡನ್ನ ನಿಧಾನವಾಗಿ ತಿರುಗಿಸ್ತಾ ಇರಬೇಕು. ಪೂರ್ತಿ ಗಟ್ಟಿಯಾಗೋಕೆ ಒಂದು ದಿನ ಬೇಕು. ಆ ಒಂದು ದಿನಕ್ಕೆ ದುಡ್ಡು ಕೇಳಬೇಡಿ. ಮೋಟರ್ ತಿರುಗಿಸುತ್ತೆ, ನೀವು ಬೇರೆ ಕೆಲಸ ಮಾಡ್ತೀರಿ. ಕೈ ಕೆಲಸ ಒಂದು ಗಂಟೆ, 250. ಗೈಡ್ 90, ನೂಲು ಎಪಾಕ್ಸಿ 40. ಹತ್ತು ಪರ್ಸೆಂಟ್ ಸೇರಿ ಸುಮಾರು 420.

ಅದೇ ರಾಡ್‌ಗೆ ಮೂರು ಗೈಡ್ ಆದ್ರೆ? ಟೈಮ್ ಮೂರು ಪಟ್ಟು ಆಗಲ್ಲ, ಒಂದೂಮುಕ್ಕಾಲು ಗಂಟೆ ಸಾಕು. ಒಟ್ಟು ಸುಮಾರು 845, ಅಂದ್ರೆ ಒಂದಕ್ಕೆ 280. ಈ ಉಳಿತಾಯವನ್ನ ಗಿರಾಕಿಗೆ ಕೊಡೋದೇ ನ್ಯಾಯ. ಎಪಾಕ್ಸಿ ಕಲಸಿದ ಮೇಲೆ ಮಿಕ್ಕಿದ್ದು ದಂಡ. ಹಾಗಾಗಿ ನಾಲ್ಕು ರಾಡ್ ಸೇರೋವರೆಗೆ ಕಾದು ಒಂದೇ ದಿನ ಬಳಿದ್ರೆ ಎಲ್ಲರಿಗೂ ಅಗ್ಗ. ಇವತ್ತೇ ಬೇಕು ಅನ್ನೋರಿಗೆ ಮಾತ್ರ ಜಾಸ್ತಿ ಹೇಳಿ.

ರಿಪೇರಿ ಬೇಡ ಅನ್ನೋದೂ ಕೆಲಸವೇ

ನಡು ಮುರಿದ ಕೋಲನ್ನ ಜೋಡಿಸಬಹುದು, ಆದ್ರೆ ಮೊದಲಿನ ಹಾಗೆ ಬಾಗಲ್ಲ. ಇದನ್ನ ದುಡ್ಡು ತಗೊಳ್ಳೋಕೆ ಮುಂಚೆ ಹೇಳಿ. 1,200ರ ಫೈಬರ್ ರಾಡ್‌ಗೆ 700ರ ರಿಪೇರಿ ಆಗುತ್ತೆ ಅಂದ್ರೆ, ಹೊಸದೇ ತಗೊಳ್ಳಿ ಅನ್ನಿ. 8,000ದ ಕಾರ್ಬನ್ ರಾಡ್‌ಗೆ ಅದೇ 700 ದೊಡ್ಡದಲ್ಲ. ರಿಪೇರಿ ಖರ್ಚು ಹೊಸದರ ಅರ್ಧ ದಾಟಿದ್ರೆ ಗಿರಾಕಿಯನ್ನ ಕೇಳದೆ ಮುಟ್ಟಬೇಡಿ.

ಒಂದು ಪುಕ್ಕಟೆ ಪರೀಕ್ಷೆ ಇದೆ. ಪ್ರತಿ ಗೈಡ್‌ನ ಒಳಗೆ ಹತ್ತಿಯ ಬಡ್ಸ್ ತಿರುಗಿಸಿ. ಎಳೆ ಸಿಕ್ಕಿಕೊಂಡ್ರೆ ಅಲ್ಲಿ ಬಿರುಕಿದೆ, ಅದೇ ನಿಮ್ಮ ದಾರ ಕತ್ತರಿಸ್ತಿರೋದು. ಅದನ್ನ ಗಿರಾಕಿ ಎದುರೇ ಮಾಡಿ. ರೇಟ್ ಬಗ್ಗೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಇನ್ನು ಕಾರ್ಬನ್ ಕೋಲನ್ನ ಉಜ್ಜುವಾಗ ಮಾಸ್ಕ್ ಹಾಕಿ, ನೀರು ಮುಟ್ಟಿಸಿ ಉಜ್ಜಿ, ಆ ಧೂಳು ಎದೆಗೆ ಒಳ್ಳೇದಲ್ಲ. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತೆ. ಕರೆಂಟ್ ತಂತಿ ಕೆಳಗೆ ಬಳಸಬೇಡಿ ಅಂತ ಗಿರಾಕಿಗೆ ಹೇಳೋಕೆ ಮರೀಬೇಡಿ.

ಕಾನೂನು ಏನನ್ನುತ್ತೆ?

ಗಿರಾಕಿ ಪರವಾಗಿ: 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ, ಮಾಡಿದ ಸೇವೆಗೆ ಬಿಲ್ ಕೊಡದೆ ಇರೋದು ಅನುಚಿತ ವ್ಯಾಪಾರ ಪದ್ಧತಿ. ಚೀಟಿಯಾದ್ರೂ ಬರೆದುಕೊಡಿ. ಮಾಡಿದ ಕೆಲಸ, ಹಾಕಿದ ಸಾಮಾನು, ಎಷ್ಟು ತಿಂಗಳ ಭರವಸೆ, ಯಾವುದಕ್ಕೆ ಭರವಸೆ ಇಲ್ಲ, ಎಲ್ಲ ಅದರಲ್ಲಿರಲಿ.

ಕೆಲಸಗಾರರ ಪರವಾಗಿ: 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಂ ಇದೆ. ವಸ್ತುವಿನ ಮೇಲೆ ಶ್ರಮ, ಕೌಶಲ ಹಾಕಿ ಹೇಳಿದ ಹಾಗೆ ಕೆಲಸ ಮುಗಿಸಿದವರು, ಬೇರೆ ಒಪ್ಪಂದ ಇಲ್ಲದಿದ್ರೆ, ಕೂಲಿ ಬರೋವರೆಗೆ ಆ ವಸ್ತುವನ್ನ ತಮ್ಮ ಹತ್ರ ಇಟ್ಕೊಳ್ಳಬಹುದು. ಆದ್ರೆ 151ನೇ ಕಲಂ ಪ್ರಕಾರ ಅದನ್ನ ತಮ್ಮದೇ ಅನ್ನೋ ಹಾಗೆ ಜೋಪಾನ ಮಾಡ್ಬೇಕು.

ನೆನಪಿಡಬೇಕಾದ್ದು

ಪಕ್ಕದವರಿಗಿಂತ ಕಮ್ಮಿ ಅನ್ನೋದು ರೇಟ್ ಅಲ್ಲ. ಸಾಮಾನು, ನಿಜವಾದ ಗಂಟೆಯ ಬೆಲೆ, ವಾಪಸ್ ಬರೋ ಕೆಲಸದ ಖರ್ಚು, ಈ ಮೂರೂ ಸೇರಿದ್ದೇ ರೇಟ್. ಇದನ್ನ ಬೋರ್ಡ್ ಮೇಲೆ ಬರೆದು ಹಾಕಿ. ಗೊತ್ತಿರೋರಿಗೊಂದು, ಗೊತ್ತಿಲ್ಲದೋರಿಗೊಂದು ಬೇಡ. ಗಿರಾಕಿಗಳಾಗಿರೋ ನೀವೂ ಅಷ್ಟೇ: ಚೌಕಾಸಿ ಮಾಡೋಕೆ ಮುಂಚೆ, ಇದರಲ್ಲಿ ಕೂಲಿ ಎಷ್ಟು, ಸಾಮಾನು ಎಷ್ಟು ಅಂತ ಕೇಳಿ. ಉತ್ತರ ಬಿಡಿಸಿ ಹೇಳೋರಿದ್ರೆ ಆ ಅಂಗಡಿ ಬಿಡಬೇಡಿ. ಅಂಥವರು ಕೈಬಿಟ್ರೆ, ಮುಂದಿನ ಸಲ 180 ರೂಪಾಯಿ ಕೆಲಸಕ್ಕೆ ಇಡೀ ರಾಡನ್ನೇ ಬಿಸಾಕಬೇಕಾಗುತ್ತೆ.

ನಿಮ್ಮ ಏರಿಯಾದಲ್ಲಿ ರೇಟ್ ಗೊತ್ತಿಲ್ಲದ ರಿಪೇರಿ ಯಾವುದಿದೆ? ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.