ವಿದ್ಯುನ್ಮಾನ ಫಲಕಗಳಲ್ಲಿ ಮೇಲ್ಮೈ ಬೆಸುಗೆಯ ದೃಢತೆ

ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳು, ಮುಧೋಳ ಮತ್ತು ಜಮಖಂಡಿ ಭಾಗದ ಸಕ್ಕರೆ ಕಾರ್ಖಾನೆಗಳು, ಬೀಳಗಿಯ ಕಬ್ಬಿನ ಹೊಲಗಳ ಪಂಪ್‌ಸೆಟ್ಟುಗಳು ಬಾಗಲಕೋಟೆ ಜಿಲ್ಲೆಯ ದುಡಿಮೆಗೆ ಆಧಾರವಾಗಿವೆ. ಇಂತಹ ಯಂತ್ರಗಳಿಗೆ ವಿದ್ಯುನ್ಮಾನ ನಿಯಂತ್ರಕವನ್ನು ಜೋಡಿಸಿದಲ್ಲಿ ಅವುಗಳ ಬಾಳಿಕೆ ಸಾಸಿವೆಗಿಂತ ಚಿಕ್ಕದಾದ ಬೆಸುಗೆಯನ್ನು ಅವಲಂಬಿಸುತ್ತದೆ. ಬೆಸುಗೆ ಬಿಟ್ಟು ಮಗ್ಗ ನಿಂತರೆ, ನೇಯ್ದಷ್ಟಕ್ಕೆ ಕೂಲಿ ಪಡೆಯುವ ನೇಕಾರನ ಅಂದಿನ ಗಳಿಕೆಯೇ ತಪ್ಪುತ್ತದೆ.

ಹಿಂದಿನ ಪದ್ಧತಿಯಲ್ಲಿ ಬಿಡಿಭಾಗದ ತಂತಿಯನ್ನು ಫಲಕದ ರಂಧ್ರದಲ್ಲಿ ತೂರಿಸಿ ಬೆಸೆಯಲಾಗುತ್ತಿತ್ತು. ಭಾರವನ್ನು ಬಹುಮಟ್ಟಿಗೆ ತಂತಿಯೇ ಹೊರುತ್ತಿತ್ತು. ಮೇಲ್ಮೈ ಜೋಡಣೆಯಲ್ಲಿ ಬಿಡಿಭಾಗವು ತಾಮ್ರದ ಬಿಲ್ಲೆಯ ಮೇಲೆ ಕುಳಿತಿರುತ್ತದೆ. ವಿದ್ಯುತ್ತನ್ನು ಸಾಗಿಸುವುದೂ ಬಿಡಿಭಾಗವನ್ನು ಹಿಡಿದಿಡುವುದೂ ಇಲ್ಲಿ ಬೆಸುಗೆಯ ಹೊಣೆ.

ಇಂತಹ ಬೆಸುಗೆ ಒಂದೇ ಸೆಳೆತಕ್ಕೆ ಮುರಿಯುವುದು ವಿರಳ. ಮರುಕಳಿಸುವ ಎಳೆದಾಟದಿಂದ ದಣಿದು ಬಿರುಕು ಬಿಡುವುದೇ ಹೆಚ್ಚು. ಗಾಜಿನ ನಾರಿನ ಫಲಕವು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ದಶಲಕ್ಷದಲ್ಲಿ 14ರಿಂದ 18 ಭಾಗದಷ್ಟು ಹಿಗ್ಗಿದರೆ, ಅಲ್ಯುಮಿನಾ ಪಿಂಗಾಣಿ 6ರಿಂದ 7 ಭಾಗದಷ್ಟು ಮಾತ್ರ ಹಿಗ್ಗುತ್ತದೆ. 6.3 ಮಿ.ಮೀ. ಉದ್ದದ ಪಿಂಗಾಣಿ ರೋಧಕವಿರುವ ಫಲಕ 40 ಡಿಗ್ರಿಯಷ್ಟು ಬಿಸಿಯೇರಿದರೆ, ಪ್ರತಿ ತುದಿಯಲ್ಲಿಯೂ ಸುಮಾರು 1.3 ಮೈಕ್ರೊಮೀಟರ್ ವ್ಯತ್ಯಾಸ ಉಂಟಾಗುತ್ತದೆ. ತೆಳುವಾದ ಬೆಸುಗೆಯೇ ಅದನ್ನು ತಾಳಿಕೊಳ್ಳಬೇಕು. ಯಂತ್ರವನ್ನು ನಡೆಸಿ ನಿಲ್ಲಿಸಿದಾಗಲೆಲ್ಲ ಇದು ಮರುಕಳಿಸುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಿನ ತಾಪ ಇನ್ನೂ ಏರುತ್ತದೆ.

ಎರಡನೆಯ ಕಾರಣ ಕಂಪನ. ಮಗ್ಗದ ಬಡಿತಕ್ಕೆ ಫಲಕ ಬಾಗಿದಾಗ ಎತ್ತರದ ಸಂಧಾರಕ, ಭಾರವಾದ ಕನೆಕ್ಟರ್‌ಗಳ ಬುಡಕ್ಕೆ ಹೆಚ್ಚಿನ ಒತ್ತಡ ಬೀಳುತ್ತದೆ. ಬೆಸುಗೆ ಮತ್ತು ಬಿಲ್ಲೆಯ ನಡುವೆ ಬೆಳೆಯುವ ತಾಮ್ರ-ತವರ ಸಂಯುಕ್ತದ ಪದರ ಬಂಧಕ್ಕೆ ಅಗತ್ಯವಾದರೂ ಪೆಡಸು. ಅತಿಯಾದ ಕಾವಿನಿಂದ ಅದು ದಪ್ಪವಾದರೆ ಬಿರುಕಿಗೆ ದಾರಿಯಾಗುತ್ತದೆ.

ಬೆಸುಗೆಯ ಲೋಹವೂ ಬದಲಾಗಿದೆ. ಶೇ. 63 ತವರ, ಶೇ. 37 ಸೀಸದ ಮಿಶ್ರಣ 183 ಡಿಗ್ರಿಯಲ್ಲಿ ಕರಗುತ್ತದೆ. 2006ರ ಜುಲೈ 1ರಿಂದ ಐರೋಪ್ಯ ಒಕ್ಕೂಟದಲ್ಲಿ, 2014ರ ಮೇ 1ರಿಂದ ಭಾರತದಲ್ಲಿ, ಅನೇಕ ಬಗೆಯ ಉಪಕರಣಗಳಲ್ಲಿ ಸೀಸದ ಬಳಕೆಗೆ ನಿರ್ಬಂಧ ಬಂದಿತು. ಅದರ ಬದಲಿಗೆ ಬಳಕೆಗೆ ಬಂದ ತವರ-ಬೆಳ್ಳಿ-ತಾಮ್ರದ ಮಿಶ್ರಣ 217 ಡಿಗ್ರಿಯ ಆಸುಪಾಸಿನಲ್ಲಿ ಕರಗತೊಡಗುತ್ತದೆ. ಅದು ಹೆಚ್ಚು ಗಡುಸು. ಆದರೆ ಹಠಾತ್ ಪೆಟ್ಟಿಗೆ ಸೀಸಯುಕ್ತ ಬೆಸುಗೆಯಷ್ಟು ಬಾಗಿಕೊಡುವುದಿಲ್ಲ.

ಆದುದರಿಂದ ದುರಸ್ತಿಯ ವೇಳೆ ಬೆಸುಗೆಯನ್ನು ಗುಡ್ಡೆಯಾಗಿ ಏರಿಸುವುದರಿಂದ ದೃಢತೆ ಬಾರದು. ಬಿಲ್ಲೆ ಶುಚಿಯಾಗಿರಬೇಕು, ಕಾವು ಹಿತಮಿತವಾಗಿರಬೇಕು, ಫಲಕ ಬಾಗದಂತೆ ಆಸರೆಯಿರಬೇಕು, ಭಾರವಾದ ಭಾಗಗಳಿಗೆ ಅಂಟಿನ ಅಥವಾ ತಿರುಪಿನ ಹಿಡಿತವಿರಬೇಕು. ಬೆಸುಗೆಯ ಮೇಲಿನ ಹೊರೆಯನ್ನು ಕಡಿಮೆ ಮಾಡುವುದೇ ಅದರ ಆಯುಷ್ಯವನ್ನು ಹೆಚ್ಚಿಸುವ ಮಾರ್ಗ.