ಸೇಂಟ್ ಮ್ಯಾಥ್ಯೂ ದ್ವೀಪ: ಮೇವು ಮತ್ತು ಮಿತಿ

ಅಲಾಸ್ಕದ ಪಶ್ಚಿಮಕ್ಕೆ, ಬೇರಿಂಗ್ ಸಮುದ್ರದ ನಡುವೆ ಇರುವ ಸೇಂಟ್ ಮ್ಯಾಥ್ಯೂ ಒಂದು ನಿರ್ಜನ ದ್ವೀಪ. ಮಂಜು, ಬಿರುಗಾಳಿಗಳ ಈ ನೆಲದಲ್ಲಿ ಮರಗಳಿಲ್ಲ. ಹುಲ್ಲು, ಪಾಚಿ, ಕಲ್ಲುಹೂಗಳೇ ಇಲ್ಲಿಯ ಸಸ್ಯಸಂಪತ್ತು. 1944ರಲ್ಲಿ ಅಮೆರಿಕದ ಕರಾವಳಿ ರಕ್ಷಣಾ ಪಡೆಯು ಅಲ್ಲಿದ್ದ ತನ್ನ ಸಿಬ್ಬಂದಿಗೆ ತುರ್ತು ಆಹಾರವಾಗಲೆಂದು 29 ಹಿಮಸಾರಂಗಗಳನ್ನು ತಂದು ಬಿಟ್ಟಿತು. ಯುದ್ಧ ಮುಗಿದು ಜನ ಮರಳಿದರು, ಸಾರಂಗಗಳು ಉಳಿದವು. ಅವನ್ನು ಬೇಟೆಯಾಡುವ ತೋಳಗಳು ಅಲ್ಲಿರಲಿಲ್ಲ. 1963ರ ವೇಳೆಗೆ ಅವುಗಳ ಸಂಖ್ಯೆ ಸುಮಾರು 6,000ಕ್ಕೆ ಏರಿತು. ಚಳಿಗಾಲದ ಮುಖ್ಯ ಮೇವಾದ ಕಲ್ಲುಹೂ ಮರಳಿ ಬೆಳೆಯಲು ದಶಕಗಳೇ ಬೇಕು. ಆ ಮೇವು ಬರಿದಾಗಿದ್ದಾಗಲೇ 1963–64ರ ಕಠೋರ ಚಳಿಗಾಲ ಎರಗಿತು. 1966ರಲ್ಲಿ ಜೀವವಿಜ್ಞಾನಿ ಡೇವಿಡ್ ಕ್ಲೈನ್ ಎಣಿಸಿದಾಗ ಉಳಿದಿದ್ದವು 42 ಮಾತ್ರ. ಅವುಗಳಲ್ಲಿ ಗಂಡು ಒಂದೇ. 1980ರ ದಶಕದ ಹೊತ್ತಿಗೆ ಸಂತತಿಯೇ ಅಳಿಯಿತು. ದ್ವೀಪದ ಧಾರಣಶಕ್ತಿಯನ್ನು ನಿರ್ಣಯಿಸಿದ್ದು ಬೇಸಿಗೆಯ ಹಸುರಲ್ಲ, ನಿಧಾನವಾಗಿ ಬೆಳೆಯುವ ಕಲ್ಲುಹೂ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.